ಆರು ಲಕ್ಷದ ಪ್ಯಾಕೇಜ್, ಕೈಗೆ ಮೂವತ್ತಾರು ಸಾವಿರ ಯಾಕೆ?

ಜುಲೈ, ಆಗಸ್ಟ್ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಪೇರೋಲ್, ಅಂದ್ರೆ ಸಂಬಳದ ಲೆಕ್ಕ ನೋಡುವವನು. ಕ್ಯಾಂಪಸ್‌ನಲ್ಲಿ ಆಯ್ಕೆಯಾದ ಹುಡುಗ ಹುಡುಗಿಯರಿಗೆ ಮೊದಲ ಸಂಬಳ ಬೀಳುವ ಕಾಲ ಅದು. ನೆಂಟರ ಮಕ್ಕಳು, ಊರಿನವರ ಮಕ್ಕಳು, ಎಲ್ಲರದೂ ಒಂದೇ ಪ್ರಶ್ನೆ. ಹೋದ ವರ್ಷ ನಮ್ಮ ಚಿಕ್ಕಮ್ಮನ ಮಗ ಕೇಳಿದ್ದು ಹೀಗೆ: "ಅಣ್ಣ, ಆರು ಲಕ್ಷ ಅಂದಿದ್ರು. ಹನ್ನೆರಡರಿಂದ ಭಾಗಿಸಿದ್ರೆ ಐವತ್ತು ಸಾವಿರ ಬರ್ಬೇಕು. ಅಕೌಂಟಿಗೆ ಮೂವತ್ತೇಳೂ ಬಿದ್ದಿಲ್ಲ. ಮೋಸ ಮಾಡಿದ್ರಾ?"

ಮೋಸ ಅಲ್ಲ. ಅವನು ಭಾಗಿಸಿದ ಅಂಕಿಯೇ ಸಂಬಳದ್ದಲ್ಲ.

ಆಫರ್ ಲೆಟರ್‌ನಲ್ಲಿ ದೊಡ್ಡದಾಗಿ ಕಾಣುವುದು ಸಿಟಿಸಿ. ನಿಮ್ಮನ್ನು ಒಂದು ವರ್ಷ ಇಟ್ಟುಕೊಳ್ಳಲು ಕಂಪನಿಗೆ ಬೀಳುವ ಒಟ್ಟು ಖರ್ಚು ಅದು. ಮದುವೆ ಊಟಕ್ಕೆ ಎಲೆಗೆ ಇಷ್ಟು ಅಂತ ಮಾತಾಡುತ್ತೇವೆ, ಅಲ್ವಾ? ಅದರಲ್ಲಿ ಭಟ್ಟರ ಕೂಲಿ, ಗ್ಯಾಸು, ಪಾತ್ರೆ ಬಾಡಿಗೆ ಎಲ್ಲ ಸೇರಿರುತ್ತದೆ. ಅಷ್ಟೂ ಎಲೆ ಮೇಲೆ ಬೀಳುವುದಿಲ್ಲ.

ತಮ್ಮನ ಲೆಟರ್ ತರಿಸಿಕೊಂಡು ನೋಡಿದೆ. 6,00,000ದಲ್ಲಿ 60,000 ವೇರಿಯಬಲ್ ಪೇ. ವರ್ಷದ ಕೊನೆಗೆ, ಅವನ ಕೆಲಸವನ್ನೂ ಕಂಪನಿಯ ಲಾಭವನ್ನೂ ನೋಡಿ ಕೊಡುವ ದುಡ್ಡು. ಪೂರ್ತಿ ಬರಬಹುದು, ಅರ್ಧ ಬರಬಹುದು, ಬರದೇ ಇರಬಹುದು. ಬೇಸಿಕ್, ಅಂದ್ರೆ ಮೂಲ ವೇತನ, ತಿಂಗಳಿಗೆ 25,000. ಅದರ 12 ಪರ್ಸೆಂಟ್, ಅಂದ್ರೆ 3,000 ರೂಪಾಯಿಯನ್ನು ಕಂಪನಿ ತನ್ನ ಪಾಲಿನ ಪಿಎಫ್ (ಭವಿಷ್ಯ ನಿಧಿ) ಅಂತ ಕಟ್ಟುತ್ತದೆ. ವರ್ಷಕ್ಕೆ 36,000. ಗ್ರಾಚ್ಯುಟಿ, ಅಂದ್ರೆ ಕೆಲಸ ಬಿಡುವಾಗ ಕೊಡುವ ಇಡುಗಂಟು, ಅದಕ್ಕೆ ಅಂತ ಬೇಸಿಕ್‌ನ 4.81 ಪರ್ಸೆಂಟ್, ವರ್ಷಕ್ಕೆ 14,430. ಆರೋಗ್ಯ ವಿಮೆಯ ಕಂತು 9,570. ಇವೆಲ್ಲ ಕಳೆದರೆ ಉಳಿಯುವುದು 4,80,000, ತಿಂಗಳಿಗೆ 40,000. ಅದರಲ್ಲಿ ಅವನ ಪಾಲಿನ ಪಿಎಫ್ ಮತ್ತೆ 3,000, ನಮ್ಮ ರಾಜ್ಯದ ವೃತ್ತಿ ತೆರಿಗೆ 200. ಕೈಗೆ 36,800. ಫೆಬ್ರವರಿಯಲ್ಲಿ ಮಾತ್ರ ವೃತ್ತಿ ತೆರಿಗೆ 300, ಆ ತಿಂಗಳು ನೂರು ಕಮ್ಮಿ. ಆದಾಯ ತೆರಿಗೆಯ ಚಿಂತೆ ಇಲ್ಲ. ಹೊಸ ಪದ್ಧತಿಯಲ್ಲಿ 2025ರ ಏಪ್ರಿಲ್‌ನಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಕಟ್ಟಬೇಕಿಲ್ಲ.

ಇದರಲ್ಲಿ ನನಗೆ ಸಿಟ್ಟು ಬರುವುದು ಗ್ರಾಚ್ಯುಟಿ ಸಾಲಿನ ಮೇಲೆ. ಕಾಯಂ ನೌಕರರಿಗೆ ಅದು ಸಿಗುವುದು ಐದು ವರ್ಷ ದುಡಿದ ಮೇಲೆ. ಎರಡು ವರ್ಷಕ್ಕೆ ಕಂಪನಿ ಬದಲಿಸುವ ಈ ಕಾಲದಲ್ಲಿ ಎಷ್ಟು ಜನಕ್ಕೆ ಆ ದುಡ್ಡು ಕಾಣುತ್ತೆ? ಆದರೂ ಪ್ಯಾಕೇಜ್ ದಪ್ಪ ಕಾಣಲಿ ಅಂತ ಸೇರಿಸಿರುತ್ತಾರೆ. ನಾನೂ ಅದೇ ಟೇಬಲ್ ತಯಾರು ಮಾಡುವವನು, ಆ ಮಾತು ಬಿಡಿ.

ಪಿಎಫ್ ವಿಷಯ ಬೇರೆ. "ಅದನ್ನ ಕಟ್ ಮಾಡ್ಬೇಡಿ ಅಂತ ಹೇಳ್ಲಾ?" ಅಂತ ತುಂಬಾ ಜನ ಕೇಳುತ್ತಾರೆ. ಮೊದಲ ಸಲ ಕೆಲಸಕ್ಕೆ ಸೇರುವವರ ಸಂಬಳದಲ್ಲಿ ಪಿಎಫ್ ಲೆಕ್ಕಕ್ಕೆ ಹಿಡಿಯುವ ಭಾಗ ತಿಂಗಳಿಗೆ 15,000 ದಾಟಿದ್ದರೆ ಬೇಡ ಅನ್ನಲು ಅವಕಾಶ ಇದೆ. ನಾನಂತೂ ಬೇಡ ಅನ್ನಬೇಡಿ ಅಂತಲೇ ಹೇಳುವುದು. ಎರಡೂ ಪಾಲು ಸೇರಿ ತಿಂಗಳಿಗೆ 6,000 ನಿಮ್ಮ ಹೆಸರಲ್ಲೇ ಬೀಳುತ್ತದೆ. 2024-25ಕ್ಕೆ ಅದಕ್ಕೆ ಸಿಕ್ಕ ಬಡ್ಡಿ 8.25 ಪರ್ಸೆಂಟ್. ಇಪ್ಪತ್ತೆರಡನೇ ವಯಸ್ಸಿನಲ್ಲಿ ತಾನಾಗಿ ಉಳಿತಾಯ ಮಾಡಿದವರನ್ನು ನಾನು ಹೆಚ್ಚು ನೋಡಿಲ್ಲ. ನಾನೂ ಮಾಡಿರಲಿಲ್ಲ.

ಆದರೆ ಸೇರುವ ದಿನವೇ ಹೆಸರು ಸರಿ ಇದೆಯಾ ನೋಡಿಕೊಳ್ಳಿ. ನಮ್ಮ ಕಡೆಯವರಿಗೆ ಇದು ದೊಡ್ಡ ತಲೆನೋವು. ನನಗೆ ಎರಡು ಇನಿಷಿಯಲ್, ಊರಿನದೊಂದು, ಅಪ್ಪನದೊಂದು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಅವು ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ. ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾಗಿ ಬಂದು ನಮ್ಮೂರಿನ ಹೆಸರೇ ನನ್ನ ಸರ್‌ನೇಮ್ ಆಯಿತು. ಮೊದಲ ಕಂಪನಿ ಒಂದು ಹೆಸರಲ್ಲಿ ಯುಎಎನ್, ಅಂದ್ರೆ ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರ್, ಮಾಡಿಸಿತು. ಎರಡನೆಯದು ಹಳೇ ನಂಬರ್ ಕೇಳದೆ ಇನ್ನೊಂದು ಹೆಸರಲ್ಲಿ ಮತ್ತೊಂದು ಮಾಡಿಸಿತು. ಆ ದುಡ್ಡನ್ನು ಒಂದು ಕಡೆ ಸೇರಿಸಲು ನನಗೆ ಎರಡು ವರ್ಷ ಹಿಡಿಯಿತು, ಪೇರೋಲ್‌ನಲ್ಲೇ ಕೆಲಸ ಮಾಡುತ್ತಾ! ಹಾಗಾಗಿ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಹೊಂದಲಿ. ಕೆಲಸ ಬದಲಿಸಿದಾಗ ಹಳೇ ಯುಎಎನ್ ನಂಬರನ್ನು ಅವರು ಕೇಳದಿದ್ದರೂ ನೀವೇ ಕೊಡಿ.

ವಿಮೆಗೆ ಹೋದ ದುಡ್ಡಿಗೆ ಮಾತ್ರ ಬೇಜಾರು ಬೇಡ. ಅಪ್ಪ ಅಮ್ಮನನ್ನು ಸೇರಿಸಬಹುದಾ ಅಂತ ಕೇಳಿ. ಕೆಲವು ಕಂಪನಿಗಳಲ್ಲಿ ಸ್ವಂತ ದುಡ್ಡು ಕೊಟ್ಟು ಸೇರಿಸಬೇಕು, ಅದೂ ಸೇರಿದ ಮೊದಲ ಕೆಲವು ದಿನಗಳಲ್ಲೇ. ಆ ಮೇಲ್ ಬಂದಾಗ ಹುಡುಗರು ಓದುವುದೇ ಇಲ್ಲ. ಅಪ್ಪನಿಗೆ ಬಿಪಿ, ಶುಗರ್ ಇದ್ದರೆ ಹೊರಗೆ ಪಾಲಿಸಿ ಮಾಡಿಸಲು ಎಷ್ಟು ಒದ್ದಾಡಬೇಕು ಅಂತ ಆಮೇಲೆ ಗೊತ್ತಾಗುತ್ತದೆ.

ಇದನ್ನೆಲ್ಲ ಸಹಿ ಹಾಕುವ ಮೊದಲೇ ಕೇಳಿ. "ತಿಂಗಳಿಗೆ ಬ್ಯಾಂಕಿಗೆ ಎಷ್ಟು ಬೀಳುತ್ತೆ, ಸಂಬಳದ ವಿವರ ಕಳಿಸ್ತೀರಾ" ಅಂತ ಎಚ್‌ಆರ್‌ಗೆ ಒಂದು ಮೇಲ್ ಹಾಕಿದರೆ ಯಾರೂ ಕೆಲಸ ಕಿತ್ತುಕೊಳ್ಳುವುದಿಲ್ಲ. ಮೊದಲ ತಿಂಗಳ ಸಂಬಳ ಯಾವಾಗ ಬರುತ್ತೆ ಅಂತಲೂ ಕೇಳಿ. ತಿಂಗಳ ಕೊನೆಯಲ್ಲಿ ಸೇರಿದರೆ ಆ ಕೆಲವು ದಿನದ್ದು ಎಷ್ಟೋ ಕಡೆ ಮುಂದಿನ ತಿಂಗಳ ಜೊತೆ ಬರುತ್ತದೆ. ಪಿಜಿ ಅಡ್ವಾನ್ಸು, ಊಟ, ಬಸ್ ಪಾಸು ಅಲ್ಲಿಯವರೆಗೆ ಕಾಯುವುದಿಲ್ಲ. ಎರಡು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಬನ್ನಿ.

ನಮ್ಮ ತಮ್ಮ ಇದ್ಯಾವುದನ್ನೂ ಕೇಳಿರಲಿಲ್ಲ. ಐವತ್ತು ಸಾವಿರ ಅಂತ ಲೆಕ್ಕ ಹಾಕಿ, ಸೇರುವ ಮೊದಲೇ ಬೈಕ್ ಬುಕ್ ಮಾಡಿದ್ದ. ಮನೆಗೆ ಇಪ್ಪತ್ತು ಸಾವಿರ ಕಳಿಸ್ತೀನಿ ಅಂತ ಅಮ್ಮನಿಗೂ ಹೇಳಿದ್ದ. ಬೈಕ್ ಕ್ಯಾನ್ಸಲ್ ಆಯಿತು. ಚಿಕ್ಕಮ್ಮನಿಗೆ ಹೇಳುವ ಕೆಲಸ ನನ್ನ ಮೇಲೆ ಬಿತ್ತು. ಕೂರಿಸಿಕೊಂಡು, ಕ್ಯಾಲೆಂಡರ್ ಹಿಂದೆ ಬರೆದು, ಪಿಎಫ್‌ನಿಂದ ಹಿಡಿದು ವೃತ್ತಿ ತೆರಿಗೆವರೆಗೆ ಪೂರ್ತಿ ಬಿಡಿಸಿ ಹೇಳಿದೆ. ಸಮಾಧಾನವಾಗಿ ಕೇಳಿದರು. ಅರ್ಥವೂ ಆಯಿತು.

"ಹಂಗಾದ್ರೆ ಊರಲ್ಲಿ ಕೇಳ್ದೋರಿಗೆ ಎಷ್ಟು ಅಂತ ಹೇಳ್ಲೋ?"

"ಮೂವತ್ತಾರು ಸಾವಿರದ ಎಂಟುನೂರು ಅನ್ನಿ ಚಿಕ್ಕಮ್ಮ."

ಸ್ವಲ್ಪ ಹೊತ್ತು ಯೋಚಿಸಿದರು. "ಬೇಡ ಬಿಡು, ಆರು ಲಕ್ಷ ಅಂತ್ಲೇ ಹೇಳ್ತೀನಿ."