ಯಾವ ಲೆನ್ಸ್ ತಗೊಳ್ಳಲಿ ಅಣ್ಣ, ಫೋಟೋ ಎಲ್ಲ ಶೇಕ್ ಆಗ್ತಿದೆ

ಕುತ್ತಿಗೆಗೆ ಕ್ಯಾಮೆರಾ ನೇತು ಹಾಕಿಕೊಂಡು ದಾವಣಗೆರೆಯಲ್ಲಿ ಓಡಾಡಿದರೆ ಈ ಪ್ರಶ್ನೆ ತಪ್ಪುವುದಿಲ್ಲ. ಕುಂದುವಾಡ ಕೆರೆಯ ಏರಿ ಮೇಲೆ ವಾಕಿಂಗ್ ಬಂದವರು ಕೇಳುತ್ತಾರೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದ ಎಲೆಯವರು ಕೇಳುತ್ತಾರೆ. "ಕ್ಯಾಮೆರಾ ಜೊತೆ ಬಂದ ಲೆನ್ಸ್ ಅಷ್ಟಕ್ಕಷ್ಟೆ ಅನ್ಸುತ್ತೆ ಅಣ್ಣ. ಫೋಟೋ ಎಲ್ಲ ಶೇಕ್ ಆಗುತ್ತೆ. ಯಾವ ಲೆನ್ಸ್ ತಗೊಳ್ಳಲಿ?"

ನಾನು ಹೇಳುವುದು ಒಂದೇ. "ಮೊದಲು ಶೇಕ್ ಆದ ಫೋಟೋ ತೋರಿಸಪ್ಪ."

ಯಾಕೆಂದರೆ ಶೇಕ್ ಅನ್ನುವ ಒಂದೇ ಹೆಸರನ್ನು ನಾವು ಮೂರು ಕಾಯಿಲೆಗೆ ಇಟ್ಟಿದ್ದೇವೆ. ಫೋಟೋವನ್ನು ದೊಡ್ಡದು ಮಾಡಿ ನೋಡಿ. ಗೋಡೆ, ಮುಖ, ದೀಪ ಎಲ್ಲವೂ ಒಂದೇ ಕಡೆಗೆ ಎಳೆದ ಹಾಗಿದ್ದರೆ ಅಲುಗಿದ್ದು ನಿಮ್ಮ ಕೈ. ದೂರದ ಬಲ್ಬು ಚುಕ್ಕೆಯಾಗಿ ಕಾಣದೆ ಸಣ್ಣ ಗೆರೆಯಾಗಿರುತ್ತದೆ. ಗೋಡೆ ಸ್ಪಷ್ಟವಾಗಿದ್ದು ಕುಣಿಯುವವನ ಕೈಕಾಲು ಮಾತ್ರ ಕಲಸಿಹೋಗಿದ್ದರೆ ಅಲುಗಿದ್ದು ಅವನು. ಮದುಮಗಳ ಮುಖ ಮಸುಕಾಗಿ, ಹಿಂದಿನ ಬಾಳೆಕಂಬ ಮಾತ್ರ ಚೆಂದಾಗಿ ಬಂದಿದ್ದರೆ ಯಾರೂ ಅಲುಗಿಲ್ಲ, ಫೋಕಸ್ ತಪ್ಪಿದೆ. ಈ ಮೂರನೆಯದಕ್ಕೆ ಹೊಸ ಲೆನ್ಸ್ ತಂದು, ಅದರಲ್ಲೂ ಬಾಳೆಕಂಬವನ್ನೇ ತೆಗೆದವರನ್ನು ನೋಡಿದ್ದೇನೆ.

ಕೈ ಅಲುಗಿದ್ದಕ್ಕೆ ಫಿಲ್ಮ್ ಕಾಲದ ಒಂದು ಲೆಕ್ಕ ಇದೆ. 50 ಎಂಎಂ ಲೆನ್ಸ್ ಆದರೆ ಶಟರ್ ಸ್ಪೀಡ್, ಅಂದರೆ ಬೆಳಕಿಗೆ ಕ್ಯಾಮೆರಾದ ಬಾಗಿಲು ತೆರೆದಿರುವ ಹೊತ್ತು, 1/50 ಸೆಕೆಂಡಿಗಿಂತ ನಿಧಾನ ಬೇಡ. 200 ಎಂಎಂ ಆದರೆ 1/200. ಎಂಎಂ ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಹಾಗೆ ತೋರಿಸುವ ಲೆನ್ಸ್ ನಿಮ್ಮ ಕೈ ನಡುಕವನ್ನೂ ಅಷ್ಟೇ ದೊಡ್ಡದು ಮಾಡಿ ತೋರಿಸುತ್ತದೆ, ಅದಕ್ಕೆ. ಈಗ ಹೆಚ್ಚಿನವರ ಕೈಯಲ್ಲಿರುವ ಕ್ಯಾಮೆರಾದ ಸೆನ್ಸರ್, ಅಂದರೆ ಫಿಲ್ಮಿನ ಜಾಗದಲ್ಲಿ ಚಿತ್ರ ಹಿಡಿಯುವ ಚಿಪ್, ಆ ಕಾಲದ ಫಿಲ್ಮಿಗಿಂತ ಸಣ್ಣದು. ಹಾಗಾಗಿ ನಿಕಾನ್ ಅಥವಾ ಸೋನಿ ಆದರೆ ಒಂದೂವರೆಯಿಂದ, ಕ್ಯಾನನ್ ಆದರೆ 1.6ರಿಂದ ಗುಣಿಸಿಕೊಳ್ಳಿ. ಅಂದರೆ 200 ಎಂಎಂಗೆ 1/300 ಬೇಕು.

ಲೆಕ್ಕ ಕೇಳಿ ಎದ್ದು ಹೋಗಬೇಡಿ. ಚಿತ್ರದುರ್ಗದಲ್ಲಿ ನಡೆದದ್ದು ಹೇಳುತ್ತೇನೆ.

ನನ್ನ ಚಿಕ್ಕಪ್ಪನ ಮಗ ಹೊಸ ಕ್ಯಾಮೆರಾ ತಂದಿದ್ದ. ನಿಕಾನ್, ಜೊತೆಗೆ ಕ್ಯಾಮೆರಾದೊಂದಿಗೇ ಬರುವ ಅದೇ ಮಾಮೂಲಿ 18-55 ಕಿಟ್ ಲೆನ್ಸ್. ಕೋಟೆಗೆ ಹೋದೆವು. ಒನಕೆ ಓಬವ್ವನ ಕಿಂಡಿಯ ಹತ್ತಿರ ಬಂಡೆಗಳ ನೆರಳು. ಇವನು ದೂರದಲ್ಲಿ ನಿಂತು 55ಕ್ಕೆ ಜೂಮ್ ಮಾಡಿ ತೆಗೆದೇ ತೆಗೆದ. ಎಲ್ಲ ಶೇಕ್. ನೋಡಿದರೆ ಐಎಸ್ಓ, ಅಂದರೆ ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿ ತೋರಿಸಬೇಕು ಅನ್ನುವ ಸಂಖ್ಯೆ, 400. ಅಪರ್ಚರ್, ಅಂದರೆ ಬೆಳಕು ಒಳಬರುವ ಲೆನ್ಸಿನ ಬಾಯಿ, ಎಫ್ 5.6. ಶಟರ್ 1/20. ಲೆಕ್ಕದ ಪ್ರಕಾರ ಅಲ್ಲಿ 1/80 ಬೇಕಿತ್ತು. ನಾಲ್ಕು ಪಟ್ಟು ನಿಧಾನ ಇತ್ತು.

"ಜೂಮ್ ವಾಪಸ್ 18ಕ್ಕೆ ತಂದು ನೀನೇ ಹತ್ತಿರ ಹೋಗು" ಅಂದೆ. ಕಿಟ್ ಲೆನ್ಸಿನ ಒಂದು ಗುಟ್ಟು ಇದು. ಎಫ್ ಸಂಖ್ಯೆ ಸಣ್ಣದಾದಷ್ಟೂ ಬಾಯಿ ಅಗಲ. 55ರಲ್ಲಿ ಅದರ ಬಾಯಿ ಎಫ್ 5.6ಕ್ಕಿಂತ ಅಗಲ ತೆರೆಯುವುದಿಲ್ಲ, 18ರಲ್ಲಿ ಎಫ್ 3.5ರವರೆಗೆ ತೆರೆಯುತ್ತದೆ. ಎರಡೂವರೆ ಪಟ್ಟು ಬೆಳಕು ಜಾಸ್ತಿ. ಶಟರ್ 1/50ಕ್ಕೆ ಬಂತು. ಇನ್ನೊಂದು ಕಡೆ, 18ಕ್ಕೆ 1/30 ಇದ್ದರೂ ಸಾಕು. ಅದೇ ಲೆನ್ಸ್, ಅದೇ ಬೆಳಕು, ಹತ್ತು ಹೆಜ್ಜೆ ಮುಂದೆ. ಕಲ್ಲಿನ ಮೇಲಿನ ಉಳಿ ಗುರುತೂ ಕಾಣುವ ಹಾಗೆ ಬಂತು.

ದೂರದಿಂದಲೇ ತೆಗೆಯಬೇಕು ಅಂತಿದ್ದರೆ ಐಎಸ್ಓವನ್ನು 1600ಕ್ಕೆ ಏರಿಸಬಹುದಿತ್ತು. 1/20 ಇದ್ದದ್ದು ಸರಿಯಾಗಿ 1/80 ಆಗುತ್ತಿತ್ತು. ಐಎಸ್ಓ ಏರಿಸಿದರೆ ಫೋಟೋ ರವೆ ಉದುರಿಸಿದ ಹಾಗಾಗುತ್ತದೆ ಅಂತ ಅವನಿಗೆ ಯಾರೋ ಹೆದರಿಸಿದ್ದರು. ಆಗುತ್ತದೆ ನಿಜ. ಆದರೆ ರವೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ತಕ್ಕಮಟ್ಟಿಗೆ ಒರೆಸಬಹುದು. ಶೇಕ್ ಆದ ಮುಖವನ್ನು ಹಾಗೆ ಸುಲಭಕ್ಕೆ ಸರಿ ಮಾಡಲು ಬರುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಬೆಳಕು ಸಾಲದಿದ್ದರೆ, ಈಗ ಲೆನ್ಸ್ ಮಾತಾಡೋಣ. ಮನೆಯೊಳಗೆ, ದೇವಸ್ಥಾನದಲ್ಲಿ, ಬೆಣ್ಣೆದೋಸೆ ಹೋಟೆಲಿನ ಒಲೆ ಮುಂದೆ ತೆಗೆಯುವವರಿಗೆ ಎಫ್ 1.8 ಇರುವ ಜೂಮ್ ಇಲ್ಲದ ಲೆನ್ಸ್ ಸಾಕು. ಎಫ್ 5.6ಕ್ಕೆ ಹೋಲಿಸಿದರೆ ಎಫ್ 1.8 ಒಂಬತ್ತು ಪಟ್ಟಿಗಿಂತ ಜಾಸ್ತಿ ಬೆಳಕು ಬಿಡುತ್ತದೆ. 1/20 ಬರುವ ಕಡೆ 1/160 ಸುಲಭವಾಗಿ ಸಿಗುತ್ತದೆ. ಎಲ್ಲರೂ 50 ಎಂಎಂ ಅನ್ನುತ್ತಾರೆ, ಅಗ್ಗ ಅಂತ. ಸಣ್ಣ ಸೆನ್ಸರಿನ ಕ್ಯಾಮೆರಾಕ್ಕೆ ಅದನ್ನು ಹಾಕಿದರೆ ನಮ್ಮ ಹತ್ತು ಬೈ ಹತ್ತರ ಕೋಣೆಯಲ್ಲಿ ಬೆನ್ನು ಗೋಡೆಗೆ ತಾಗಿದರೂ ನಾಲ್ಕು ಜನ ಫ್ರೇಮಿಗೆ ಹಿಡಿಯುವುದಿಲ್ಲ. ನನ್ನ ಮತ 35 ಎಂಎಂ ಕಡೆಗೆ. ಒಬ್ಬೊಬ್ಬರ ಮುಖವನ್ನೇ ತೆಗೆಯುವವರು 50 ತಗೊಳ್ಳಿ.

ಸೆಕೆಂಡ್ ಹ್ಯಾಂಡ್ ನಿಕಾನ್ ಕೊಳ್ಳುವವರಿಗೆ ಒಂದು ಮಾತು. ಹಳೆಯ 50 ಎಂಎಂ 1.8 ಡಿ ಲೆನ್ಸಿನೊಳಗೆ ಫೋಕಸ್ ಮೋಟಾರು ಇಲ್ಲ. ಡಿ3500, ಡಿ5600 ತರಹದ ಕ್ಯಾಮೆರಾದೊಳಗೂ ಇಲ್ಲ. ಎರಡನ್ನೂ ಜೋಡಿಸಿದರೆ ಫೋಕಸ್ ಕೈಯಲ್ಲೇ ತಿರುಗಿಸಬೇಕು. ಮೈಮೇಲೆ ಎಎಫ್-ಎಸ್, ಅಂದರೆ ಮೋಟಾರು ಒಳಗೇ ಇದೆ, ಅಂತ ಬರೆದಿರುವುದನ್ನು ಕೇಳಿ.

ಹಕ್ಕಿ ತೆಗೆಯುವವರ ಕಥೆ ಬೇರೆ. ಅವರಿಗೆ 300 ಎಂಎಂ ಇಲ್ಲದೆ ಆಗುವುದಿಲ್ಲ. ನಾನು ಮೋಸ ಹೋದದ್ದೂ ಅಲ್ಲೇ. ಮೋಸ ಅಂದರೆ ನನ್ನದೇ ಆತುರ. 70-300 ಒಂದು ಕಡಿಮೆ ಬೆಲೆಗೆ ಸಿಕ್ಕಿತು ಅಂತ ಬಾಕ್ಸ್ ಕೂಡ ಓದದೆ ತಂದೆ. ಕುಂದುವಾಡ ಕೆರೆಯಲ್ಲಿ ಸುಮ್ನೆ ನಿಂತ ಬೆಳ್ಳಕ್ಕಿಗೂ ಎರಡೆರಡು ಕೊಕ್ಕು! ಆಮೇಲೆ ಗೊತ್ತಾಯಿತು, ಅದೇ ಲೆನ್ಸ್ ವಿಆರ್ ಇರುವುದೂ ಬರುತ್ತದೆ, ಇಲ್ಲದ್ದೂ ಬರುತ್ತದೆ. ನಾನು ತಂದದ್ದು ಇಲ್ಲದ್ದು.

ಕೈ ನಡುಕವನ್ನು ಲೆನ್ಸೇ ಸರಿತೂಗಿಸುವ ಏರ್ಪಾಡು ಅದು. ಲೆನ್ಸಿನೊಳಗೆ ಅಲುಗಾಟ ಅಳೆಯುವ ಒಂದು ಸಾಧನ ಕ್ಯಾಮೆರಾ ಯಾವ ಕಡೆ ವಾಲುತ್ತಿದೆ ಅಂತ ಅಳೆಯುತ್ತದೆ. ಆ ವಾಲುವಿಕೆ ಚಿತ್ರದ ಮೇಲೆ ಕಾಣದ ಹಾಗೆ ಒಂದು ಗಾಜು ಒಳಗೇ ಸರಿಯುತ್ತದೆ. ಕ್ಯಾನನ್ 1995ರಲ್ಲಿ ಒಂದು 75-300 ಲೆನ್ಸಿನಲ್ಲಿ ಇದನ್ನು ತಂದಿತು, ಐಎಸ್ ಅಂತ ಕರೆಯಿತು. ನಿಕಾನಿನವರು ವಿಆರ್ ಅನ್ನುತ್ತಾರೆ, ಸೋನಿಯವರು ಓಎಸ್ಎಸ್, ಟ್ಯಾಮ್ರಾನಿನವರು ವಿಸಿ. ಕೆಲವು ಕ್ಯಾಮೆರಾಗಳಲ್ಲಿ ಚಿತ್ರ ಹಿಡಿಯುವ ಸೆನ್ಸರೇ ಅಲುಗಾಡಿ ಈ ಕೆಲಸ ಮಾಡುತ್ತದೆ. 300 ಎಂಎಂಗೆ ಲೆಕ್ಕದಂತೆ 1/450 ಬೇಕಾದ ಕಡೆ ವಿಆರ್ ಇದ್ದರೆ 1/60ರಲ್ಲೂ ನಿಂತ ಬೆಳ್ಳಕ್ಕಿಗೆ ಒಂದೇ ಕೊಕ್ಕು ಬರುತ್ತದೆ.

ನಿಂತದ್ದಕ್ಕೆ ಮಾತ್ರ, ಮರೆಯಬೇಡಿ. ವಿಆರ್ ಹಿಡಿಯುವುದು ನಿಮ್ಮ ಕೈಯನ್ನು, ಎದುರಿಗಿನವರನ್ನಲ್ಲ. ನಮ್ಮ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಅಲ್ಲಿ ಕುಣಿಯುವವರನ್ನು ವಿಆರ್ ನಂಬಿ 1/30ರಲ್ಲಿ ತೆಗೆದರೆ ಮತ್ತೆ ಎರಡು ವರ್ಷ ಕಾಯಬೇಕು. ಕುಣಿತಕ್ಕೆ ಕಡಿಮೆ ಅಂದರೂ 1/250, ಹಾರುವ ಹಕ್ಕಿಗೆ 1/1000ದ ಮೇಲೆ ಇರಲಿ. ಅಲ್ಲಿ ಕೆಲಸಕ್ಕೆ ಬರುವುದು ಬೆಳಕು ಮತ್ತು ಐಎಸ್ಓ ಎರಡೇ.

ಇನ್ನು ಹಿಡಿಯುವ ರೀತಿ. ಎಡಗೈ ಲೆನ್ಸಿನ ಪಕ್ಕಕ್ಕಲ್ಲ, ಅಡಿಗೆ ಇರಲಿ, ತಟ್ಟೆ ಹಿಡಿದ ಹಾಗೆ. ಮೊಣಕೈ ಪಕ್ಕೆಲುಬಿಗೆ ತಾಗಿರಲಿ. ಪರದೆ ನೋಡುತ್ತಾ ಕೈ ಚಾಚಿ ತೆಗೆಯುವುದಕ್ಕಿಂತ ಕಣ್ಣಿಗೆ ಒತ್ತಿ ಹಿಡಿದರೆ ಮುಖವೂ ಒಂದು ಆಸರೆ. ಉಸಿರು ಅರ್ಧ ಬಿಟ್ಟು ಬಟನ್ ಮೆಲ್ಲಗೆ ಒತ್ತಿ, ಕುಟ್ಟಬೇಡಿ. ಮೂರ್ನಾಲ್ಕು ಫೋಟೋ ಒಟ್ಟಿಗೆ ತೆಗೆದರೆ ನಡುವಿನದ್ದು ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ಯಾಕೆಂದರೆ ಬಟನ್ ಒತ್ತುವಾಗಲೂ ಬಿಡುವಾಗಲೂ ಕೈ ಅಲುಗುತ್ತದೆ. ಜೋಗಿಮಟ್ಟಿ ಗುಡ್ಡದ ಗಾಳಿಗೆ ನಿಂತು ತೆಗೆಯುವವರು ಯಾವುದಾದರೂ ಬಂಡೆಗೆ ಒರಗಿಕೊಳ್ಳಿ.

ಟ್ರೈಪಾಡ್ ಇದ್ದರೆ ಇದೆಲ್ಲ ಬೇಡ ಅಲ್ವಾ ಅಂತೀರಿ. ಸರಿ. ಆದರೆ ದುರ್ಗದ ಕೋಟೆ ಪುರಾತತ್ವ ಇಲಾಖೆಯದು, ಅಲ್ಲಿ ಟ್ರೈಪಾಡ್ ನಿಲ್ಲಿಸಲು ಮೊದಲೇ ಅನುಮತಿ ಬೇಕು. ಬೇರೆ ಕಡೆ ಬಳಸುವಾಗ ಹಳೆಯ ಲೆನ್ಸಾದರೆ ವಿಆರ್ ಆಫ್ ಮಾಡಿ. ಇಲ್ಲದ ನಡುಕ ಹುಡುಕಿಕೊಂಡು ಅದೇ ಅಲುಗಾಡುವುದುಂಟು. ಎರಡು ಸೆಕೆಂಡಿನ ಟೈಮರ್ ಇಟ್ಟರೆ ಬೆರಳು ಒತ್ತಿದ ಅದುರೂ ಇಳಿಯುತ್ತದೆ.

ನನ್ನ ಟ್ರೈಪಾಡ್ ಅಂದರೆ ಒಂದು ಬಟ್ಟೆ ಚೀಲ, ಒಳಗೆ ಒಂದೂವರೆ ಕೆಜಿ ಮೆಕ್ಕೆಜೋಳ. ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರ? ಕೆರೆ ಏರಿಯ ಕಲ್ಲಿನ ಮೇಲೆ, ಕೋಟೆ ಗೋಡೆ ಮೇಲೆ, ಕಾರಿನ ಕಿಟಕಿ ಮೇಲೆ ಇಟ್ಟು ಅದರ ಮೇಲೆ ಲೆನ್ಸ್ ಒತ್ತಿದರೆ ಕಾಳು ಸರಿದು ಗೂಡು ಮಾಡಿಕೊಡುತ್ತದೆ. ವಿಆರ್ ಇಲ್ಲದ ಆ 70-300 ಇವತ್ತಿಗೂ ಕೆಲಸ ಮಾಡುತ್ತಿರುವುದು ಈ ಚೀಲದ ಮೇಲೆ. "ಕೋಳಿಗೆ ಹಾಕೋದನ್ನ ಕ್ಯಾಮೆರಾಕ್ಕೆ ಹಾಕ್ತಾನೆ" ಅಂತ ಅಮ್ಮ ನಗುತ್ತಾಳೆ. ಚೀಲ ಮಾಡಿಕೊಳ್ಳುವವರು ಕಾಳನ್ನು ಮೊದಲು ಚೆನ್ನಾಗಿ ಒಣಗಿಸಿ ತುಂಬಿ. ಮೊದಲ ವರ್ಷ ನಾನು ಹಾಗೇ ತುಂಬಿದ್ದೆ. ನುಸಿ ಬಿದ್ದು ಕ್ಯಾಮೆರಾ ಬ್ಯಾಗೆಲ್ಲ ಹಿಟ್ಟಾಗಿತ್ತು.