ಮೆದುಳಿನ ನಂಟು ಆಮೇಲೆ, ಮೊದಲು ತಲೆ ಅಲುಗಾಟ

ಆಟಿಸಂ ಜೊತೆಗೆ ಬೊಜ್ಜೂ ಇರುವ ಮಕ್ಕಳಲ್ಲಿ ಮೆದುಳಿನ ಭಾಗಗಳ ನಡುವಿನ ನಂಟು ಬೇರೆ ಥರ ಇರುತ್ತದಾ? ಸಂಜೆ ಹೊತ್ತು ನಾನು ಮಾಡುತ್ತಿರುವ ಪ್ರಾಜೆಕ್ಟ್‌ನ ಪ್ರಶ್ನೆ ಇದು. ಡೇಟಾ ಅಬೈಡ್ ಸಂಗ್ರಹದ್ದು, ಅಂದರೆ ಹಲವು ಕೇಂದ್ರಗಳು ಒಟ್ಟುಹಾಕಿದ ಆಟಿಸಂ ಮೆದುಳು ಸ್ಕ್ಯಾನ್‌ಗಳ ಗಂಟು. 2012ರಲ್ಲಿ ಎಲ್ಲರಿಗೂ ತೆರೆದಿಟ್ಟದ್ದು. ಆಟಿಸಂ ಇರುವ 539, ಇಲ್ಲದ 573 ಜನರ ಎಫ್‌ಎಂಆರ್‌ಐ (ಮೆದುಳಿನ ಚಟುವಟಿಕೆ ಹಿಡಿಯುವ) ಸ್ಕ್ಯಾನ್ ಅದರಲ್ಲಿದೆ. ದೊಡ್ಡವರೂ ಇದ್ದಾರೆ, ಅವರನ್ನು ಬಿಟ್ಟೆ.

ಪೂರ್ತಿ ಸ್ಕ್ಯಾನ್ ಇಳಿಸಲು ಪೆರ್ಲದ ನಮ್ಮ ಮನೆಯ ನೆಟ್ ಒಪ್ಪುವುದಿಲ್ಲ. ಮಳೆ ಜೋರಾದರೆ ಕರೆಂಟೂ ಇಲ್ಲ. ಪುಣ್ಯಕ್ಕೆ, ಮೆದುಳನ್ನು 200 ಭಾಗ ಮಾಡಿ ಒಂದೊಂದರ ಸಿಗ್ನಲ್ ಏರಿಳಿತ ಮಾತ್ರ ಬರೆದಿಟ್ಟ ಸಣ್ಣ ಫೈಲುಗಳೂ ಸಿಗುತ್ತವೆ. ಎರಡು ಭಾಗಗಳ ಸಿಗ್ನಲ್ ಒಟ್ಟೊಟ್ಟಿಗೆ ಏರಿಳಿದರೆ ನಂಟಿದೆ ಅಂತ ಲೆಕ್ಕ. ಒಂದು ಮಗುವಿಗೆ 19,900 ಜೋಡಿ. ಪೈಥಾನ್‌ನ ನೈಲರ್ನ್ ಎಂಬ ಮೆದುಳು ಸ್ಕ್ಯಾನ್ ಲೆಕ್ಕದ ತಂತ್ರಾಂಶ ಇದ್ದರೆ ಹಳೆ ಲ್ಯಾಪ್‌ಟಾಪೂ ಸಾಕು.

ಈ ವಾರವೆಲ್ಲ ಹೋದದ್ದು ತಲೆ ಅಲುಗಾಟಕ್ಕೆ. ಸ್ಕ್ಯಾನರ್ ಒಳಗೆ ಮಗು ಒಂಚೂರು ಅಲುಗಿದರೂ, ಮಿಲಿಮೀಟರಿಗಿಂತ ಕಡಿಮೆ ಆದರೂ, ಲೆಕ್ಕ ಕೆಡುತ್ತದೆ. ದೂರದ ಭಾಗಗಳ ನಂಟು ಕಡಿಮೆ, ಹತ್ತಿರದ್ದು ಜಾಸ್ತಿ ಅಂತ ಕಾಣುತ್ತದೆ. ಮೆದುಳು ಸಂಶೋಧಕ ಜೊನಾಥನ್ ಪವರ್ ಮತ್ತು ಜೊತೆಗಾರರು 2012ರಲ್ಲೇ ಇದನ್ನು ತೋರಿಸಿದ್ದರು. ತಮಾಷೆ ಏನೆಂದರೆ, ಆಟಿಸಂ ಮೆದುಳಿನ ಬಗ್ಗೆ ಆಗ ಹೇಳುತ್ತಿದ್ದುದೂ ಹೆಚ್ಚುಕಮ್ಮಿ ಇದನ್ನೇ! ಆಟಿಸಂ ಇರುವ ಮಕ್ಕಳು ಸ್ಕ್ಯಾನರ್‌ನಲ್ಲಿ ಸಾಮಾನ್ಯವಾಗಿ ಜಾಸ್ತಿ ಅಲುಗುತ್ತಾರೆ. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಹೆಚ್ಚಿರುವವರದ್ದೂ ಅದೇ ಕಥೆ. ಹಾಗಾದರೆ ಎರಡೂ ಇರುವ ಮಗುವಿನಲ್ಲಿ ಕಾಣುವ ವ್ಯತ್ಯಾಸ ಮೆದುಳಿನದ್ದಾ, ಕುತ್ತಿಗೆಯದ್ದಾ? ಇದನ್ನು ಬಿಡಿಸದೆ ಬಣ್ಣಬಣ್ಣದ ಮೆದುಳಿನ ಚಿತ್ರ ಹಾಕುವುದು ಸುಮ್ನೆ ಶೋಕಿ, ಅಲ್ವಾ? ಸರಾಸರಿ ಅಲುಗಾಟ 0.2 ಮಿಲಿಮೀಟರ್ ದಾಟಿದವರನ್ನೆಲ್ಲ ಕೈಬಿಟ್ಟೆ. ಹೊಟ್ಟೆ ಉರಿಯಿತು, ಆದರೂ ಬಿಟ್ಟೆ.

ಬಿಎಂಐ ಕಾಲಂ ಇನ್ನೊಂದು ತಲೆನೋವು. ಅಳತೆ ಇಲ್ಲದ ಕಡೆ -9999 ಎಂದಿರುತ್ತದೆ. ತೆಗೆಯದೆ ಸರಾಸರಿ ಹಾಕಿದರೆ ಮಕ್ಕಳೆಲ್ಲ ಗಾಳಿಗಿಂತ ಹಗುರ. ಮಕ್ಕಳಿಗೆ ದೊಡ್ಡವರ ಹಾಗೆ ಬಿಎಂಐ 30 ಆದರೆ ಬೊಜ್ಜು ಅಂತ ಗೆರೆ ಎಳೆಯುವಂತಿಲ್ಲ, ವಯಸ್ಸು, ಗಂಡೋ ಹೆಣ್ಣೋ ನೋಡಬೇಕು. ನಮ್ಮ ಮಕ್ಕಳಾದರೆ ಭಾರತೀಯ ಮಕ್ಕಳ ವೈದ್ಯರ ಸಂಘದ 2015ರ ಚಾರ್ಟ್ ಹಿಡಿಯುತ್ತಿದ್ದೆ. ಇವರು ಅಮೆರಿಕ, ಯುರೋಪಿನವರು, ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ.

ಔಷಧಿ ಕಾಲಂ ಇನ್ನೂ ಮುಟ್ಟಿಲ್ಲ. ಆಟಿಸಂ ಇರುವ ಮಕ್ಕಳ ಸಿಟ್ಟು, ರಂಪಕ್ಕೆ ಕೊಡುವ ರಿಸ್ಪೆರಿಡೋನ್ ಹಸಿವನ್ನೂ ತೂಕವನ್ನೂ ಏರಿಸುತ್ತದೆ, ಹಾಗಾಗಿ ಅದನ್ನು ತಗೊಳ್ಳುವವರನ್ನು ಬೇರೆ ಇಡಬೇಕು. ಊಟದ ಹಟ ಅಂತೂ ಯಾವ ಕಾಲಂನಲ್ಲೂ ಇಲ್ಲ. ಅಕ್ಕನ ಮಗನಿಗೂ ಆಟಿಸಂ. ಅನ್ನ, ಹಲಸಿನ ಹಪ್ಪಳ ಬಿಟ್ಟರೆ ಬೇರೇನೂ ಬಾಯಿಗಿಡುವುದಿಲ್ಲ.

ಮುಂದಿನ ಕೆಲಸ: ಒಂದೇ ಕೇಂದ್ರದಲ್ಲಿ ಸ್ಕ್ಯಾನ್ ಆದ, ಒಂದೇ ಮಟ್ಟಿಗೆ ಅಲುಗಿದ ಮಕ್ಕಳನ್ನು ಜೋಡಿ ಮಾಡುವುದು. ಬೊಜ್ಜಿನ ಗುಂಪಿನಲ್ಲಿ ಬೆರಳೆಣಿಕೆ ಮಕ್ಕಳಷ್ಟೇ ಉಳಿದರೆ ಗುಂಪು ಬಿಟ್ಟು ಬಿಎಂಐಯನ್ನು ಅಂಕಿಯಾಗಿಯೇ ಇಟ್ಟು ನೋಡುತ್ತೇನೆ.