ಫ್ಯಾನ್ ಓಡದ ರಾತ್ರಿಗಳು

2025 ಮಾರ್ಚ್ 12, ಬುಧವಾರ

ವರದಿ ಕೊಡಲು ಇನ್ನು ಹದಿನೆಂಟು ದಿನ ಇದೆ. ಪ್ರತಿ ವರ್ಷ ಈ ಹೊತ್ತಿಗೆ ನನಗೆ ಒಂದೇ ಕೆಲಸ. ಕಂಪನಿಯ ಸುಸ್ಥಿರತೆ ವರದಿಗೆ, ಅಂದರೆ ಪರಿಸರ, ಸುರಕ್ಷತೆ ಇಂಥವುಗಳ ಲೆಕ್ಕ ಒಪ್ಪಿಸುವ ವರದಿಗೆ, ಉದ್ಯೋಗಿಗಳ ಕಥೆ ಬರೆಯುವುದು. ಒಂದೊಂದೂ ಮುನ್ನೂರೈವತ್ತು ಪದ, ಒಂದು ನಗುವ ಫೋಟೊ, ದಪ್ಪ ಅಕ್ಷರದಲ್ಲಿ ಒಂದು ಹೇಳಿಕೆ. ಎಂಟು ವರ್ಷದಿಂದ ಬರೆಯುತ್ತಿದ್ದೇನೆ. ನಿದ್ದೆಗಣ್ಣಲ್ಲೂ ಬರೆಯಬಲ್ಲೆ. ಕೆಲವು ವರ್ಷ ಹಾಗೇ ಬರೆದಿದ್ದೇನೆ ಕೂಡ.

ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಕಾಳು ಕೊಳ್ಳುವುದು, ಕೂಡಿಡುವುದು, ಸಾಗಿಸುವುದು, ಎಣ್ಣೆ ತೆಗೆಯುವುದು ನಮ್ಮ ವ್ಯಾಪಾರ. ಇದು ಹಳೇ ಕಸುಬು. ಈ ವಹಿವಾಟಿನ ದೊಡ್ಡ ಹೆಸರುಗಳಾದ ಬಂಗಿ 1818ರಲ್ಲಿ, ಲೂಯಿ ಡ್ರೈಫಸ್ 1851ರಲ್ಲಿ, ಕಾರ್ಗಿಲ್ 1865ರಲ್ಲಿ, ಎಡಿಎಂ 1902ರಲ್ಲಿ ಶುರುವಾದವು. ನಮ್ಮದು ಆ ನಾಲ್ಕರಲ್ಲಿ ಒಂದೂ ಅಲ್ಲ, ಕೆಲಸ ಮಾತ್ರ ಅದೇ. ಕಾಳು ಕಾಯುವ ಕೆಲಸಕ್ಕೆ ಇಷ್ಟು ವಯಸ್ಸಾಗಿದೆ. ಅದರ ಪಕ್ಕದಲ್ಲಿ ಸುಸ್ಥಿರತೆ ಅನ್ನುವ ಪದ ನಿನ್ನೆ ಮೊನ್ನೆ ಸೇರಿದ ಟ್ರೇನಿ ಇದ್ದ ಹಾಗೆ.

ಈ ಸಲದ ಎರಡು ಕಥೆ ಹೋದ ವಾರವೇ ಮುಗಿದವು. ಒಂದು, ಜಮೀನಿನ ನಕ್ಷೆ ಮಾಡುವ ತಂಡದ ಹುಡುಗಿಯದು. ಯುರೋಪ್ ಒಕ್ಕೂಟ 2023ರಲ್ಲಿ ಒಂದು ಕಾನೂನು ತಂದಿತು. ಅದರ ಪ್ರಕಾರ ಸೋಯಾ, ತಾಳೆ ಎಣ್ಣೆ, ಕಾಫಿ, ಕೋಕೋ ಇಂಥವುಗಳನ್ನು ಅಲ್ಲಿ ಮಾರಬೇಕಾದರೆ, ಬೆಳೆದ ಜಮೀನು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ್ದಲ್ಲ ಎಂದು ತೋರಿಸಬೇಕು. 4 ಹೆಕ್ಟೇರ್‌ಗಿಂತ ದೊಡ್ಡ ಜಮೀನಾದರೆ ಸುತ್ತಲಿನ ಗಡಿ ಗುರುತು ಬೇಕು. ಚಿಕ್ಕದಾದರೆ ಒಂದು ಬಿಂದು ಸಾಕು, ಆದರೆ ಅಕ್ಷಾಂಶ ರೇಖಾಂಶ ದಶಮಾಂಶದ ಆರು ಅಂಕಿ ತನಕ ಇರಬೇಕು. ಆರನೇ ಅಂಕಿ ಅಂದರೆ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್. ಅರ್ಧ ಗೇಣು!

ಈ ಅರ್ಧ ಗೇಣಿನ ಲೆಕ್ಕದಲ್ಲಿ ಅವಳಿಗೆ ಸಿಕ್ಕಿದ್ದು ಒಂದೇ ಬಿಂದುವಿನಲ್ಲಿ ಮೂವತ್ತೇಳು ಜನ ರೈತರು. ಉಪಗ್ರಹದ ಚಿತ್ರ ತೆಗೆದು ನೋಡಿದರೆ ಆ ಬಿಂದು ನಮ್ಮದೇ ಖರೀದಿ ಕೇಂದ್ರದ ಪಾರ್ಕಿಂಗ್ ಜಾಗ. ಯಾರೋ ಪುಣ್ಯಾತ್ಮ ಕುರ್ಚಿ ಬಿಟ್ಟು ಏಳದೆ ಮೂವತ್ತೇಳು ಜಮೀನು ಅಳೆದು ಮುಗಿಸಿದ್ದ. ಅವಳು ಒಂದೊಂದೇ ಜಮೀನಿಗೆ ನಡೆದು ಹೋಗಿ ಮತ್ತೆ ಗುರುತು ಹಾಕಿಕೊಂಡು ಬಂದಳು. ಫೋಟೊಗೆ ನಗುವ ಮುಖ ಬೇಕು ಅಂದರು. ನಾನು ಅವಳ ಶೂ ತೆಗೆಯೋಣ ಅಂದಿದ್ದೆ. ಒಪ್ಪಲಿಲ್ಲ.

ಎರಡನೆಯದು ಕಾರ್ಬನ್ ಲೆಕ್ಕ ಬರೆಯುವವರದು. ನಮ್ಮಂಥ ಕಂಪನಿಯ ಹೊಗೆಯಲ್ಲಿ ಗೇಟಿನ ಒಳಗಿನದು ಚೂರು, ಗೇಟಿನ ಆಚೆಯದೇ ಜಾಸ್ತಿ. ಹೊಲಕ್ಕೆ ಹಾಕಿದ ಸಾರಜನಕ ಗೊಬ್ಬರವನ್ನು ಬೆಳೆ ಪೂರ್ತಿ ಹೀರುವುದಿಲ್ಲ. ಉಳಿದದ್ದರಲ್ಲಿ ಸ್ವಲ್ಪವನ್ನು ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರಸ್ ಆಕ್ಸೈಡ್ ಮಾಡಿ ಗಾಳಿಗೆ ಬಿಡುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈ ಆಕ್ಸೈಡ್‌ಗಿಂತ 273 ಪಟ್ಟು ಹೆಚ್ಚು ಬಿಸಿ ಹಿಡಿಯುವ ಅನಿಲ. ನಾವು ಮಾತ್ರ ಆಫೀಸಿನ ಬಲ್ಬು ಬದಲಾಯಿಸಿ ಅದನ್ನೇ ಮುಖಪುಟಕ್ಕೆ ಹಾಕುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಗಾದೆ ವರದಿಯಲ್ಲಿ ಬರುವುದಿಲ್ಲ, ಇಲ್ಲಿ ಇರಲಿ.

ಇವತ್ತು ಮೂರನೆಯದಕ್ಕೆ ಹೋಗಿದ್ದೆ. ಧಾನ್ಯ ಸಂಗ್ರಹ ಘಟಕದ ಹಿರಿಯ ಆಪರೇಟರ್. ಇಪ್ಪತ್ತಾರು ವರ್ಷದ ಸರ್ವಿಸ್. ಸಾಲಾಗಿ ನಿಂತ ಸೈಲೋಗಳ, ಅಂದರೆ ಕಾಳು ತುಂಬಿಡುವ ಎತ್ತರದ ಉಕ್ಕಿನ ಕಣಜಗಳ, ಬುಡದಲ್ಲಿ ಅವರ ಕಂಟ್ರೋಲ್ ರೂಮು. ಗೋಡೆ ಮೇಲೆ ಪರದೆ, ಪರದೆ ತುಂಬ ಹಸಿರು ಚುಕ್ಕಿ.

ನನ್ನ ಹತ್ತಿರ ಆರು ಪ್ರಶ್ನೆಯ ಹಾಳೆ ಇತ್ತು. ಮೊದಲನೆಯದೇ "ಪರಿಸರಕ್ಕಾಗಿ ನೀವು ಏನು ಮಾಡಿದ್ದೀರಿ?"

"ನಾನೇನೂ ಮಾಡಿಲ್ಲ ಮೇಡಂ. ಕಾಳು ಕೆಡದ ಹಾಗೆ ನೋಡ್ಕೊಂಡಿದ್ದೀನಿ ಅಷ್ಟೇ."

ಹಾಳೆ ಮಡಚಿ ಇಟ್ಟೆ. ಇನ್ನು ಐದು ಪ್ರಶ್ನೆ ಕೇಳುವ ಧೈರ್ಯ ಬರಲಿಲ್ಲ.

ಅವರು ಹೇಳಿದ್ದನ್ನು ಆಮೇಲೆ ಯೋಚಿಸಿದೆ. ಗೊಬ್ಬರದ ಹೊಗೆ, ಟ್ರ್ಯಾಕ್ಟರಿನ ಡೀಸೆಲ್, ಹರಿಸಿದ ನೀರು ಎಲ್ಲ ಖರ್ಚಾದ ಮೇಲೆಯೇ ಕಾಳು ಇಲ್ಲಿಗೆ ಬರುವುದು. ಮನುಷ್ಯ ನದಿ, ಕೆರೆ, ನೆಲದಿಂದ ಎತ್ತುವ ಸಿಹಿನೀರಿನಲ್ಲಿ ನೂರಕ್ಕೆ ಸುಮಾರು 70 ಪಾಲು ಹೊಲಕ್ಕೇ ಹೋಗುತ್ತದೆ. ಇಲ್ಲಿ ಒಂದು ಟನ್ ಕೆಟ್ಟರೆ ಅದಷ್ಟೂ ಕೆಟ್ಟ ಹಾಗೆ. ಕೊಯ್ಲಿನ ನಂತರ, ಅಂಗಡಿ ತಲುಪುವ ಮೊದಲೇ, ಜಗತ್ತಿನ ಆಹಾರದಲ್ಲಿ ನೂರಕ್ಕೆ 13ರಷ್ಟು ಹಾಳಾಗುತ್ತದೆ ಎಂದು ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಹೇಳುತ್ತದೆ. ಈ ಅಂಕಿ ನಾನೇ ಎಷ್ಟೋ ಸಲ ವರದಿಯಲ್ಲಿ ಹಾಕಿದ್ದೇನೆ. ಅದನ್ನು ತಡೆಯುವ ಮನುಷ್ಯ ನಮ್ಮ ಸಂಬಳದ ಪಟ್ಟಿಯಲ್ಲೇ ಇದ್ದಾರೆ ಅಂತ ಹೊಳೆದಿರಲಿಲ್ಲ.

"ಕಾಳಿಗೆ ಜೀವ ಇದೆ ಮೇಡಂ. ಉಸಿರಾಡುತ್ತೆ. ಜಾಸ್ತಿ ಉಸಿರಾಡೋಕೆ ಬಿಡಬಾರದು" ಅಂದರು.

ಮುಂದಿನ ಒಂದು ಗಂಟೆ ನಾನು ವಿದ್ಯಾರ್ಥಿ. ಒದ್ದೆ ಕಾಳು ಉಸಿರಾಡಿದಾಗ, ಅದರ ಮೇಲೆ ಬೂಷ್ಟು ಬೆಳೆದಾಗ, ಕಾಳಿನೊಳಗಿನ ಪಿಷ್ಟ ಕರಗುತ್ತದೆ. ಒಂದು ಕಿಲೋ ಒಣ ಪದಾರ್ಥ ಹೀಗೆ ಕರಗಿದರೆ ಸುಮಾರು 1.47 ಕಿಲೋ ಕಾರ್ಬನ್ ಡೈ ಆಕ್ಸೈಡ್, 0.6 ಕಿಲೋ ನೀರು, ಜೊತೆಗೆ ಬಿಸಿ. ಆ ನೀರು ಪಕ್ಕದ ಕಾಳನ್ನು ಒದ್ದೆ ಮಾಡುತ್ತದೆ. ಆ ಬಿಸಿ ಬೂಷ್ಟಿಗೆ ಇನ್ನಷ್ಟು ಹುರುಪು ಕೊಡುತ್ತದೆ. ಒಮ್ಮೆ ಹತ್ತಿಕೊಂಡರೆ ಬೆಂಕಿಯ ಹಾಗೇ ಹರಡುತ್ತದೆ.

ಬಿತ್ತನೆ ಬೀಜ ಕೂಡಿಡುವವರ ಹಳೇ ಲೆಕ್ಕ ಒಂದಿದೆಯಂತೆ. ತೇವಾಂಶ ನೂರಕ್ಕೆ ಒಂದು ಕಮ್ಮಿಯಾದರೆ ಬೀಜದ ಬಾಳಿಕೆ ಎರಡರಷ್ಟು. ಬಿಸಿ ಸುಮಾರು 5 ಡಿಗ್ರಿ ಇಳಿದರೂ ಎರಡರಷ್ಟು. 15 ಡಿಗ್ರಿಗಿಂತ ಕೆಳಗಿಳಿಸಿದರೆ ಹೆಚ್ಚಿನ ಹುಳಗಳು ಮರಿ ಮಾಡುವುದನ್ನೇ ನಿಲ್ಲಿಸುತ್ತವೆ. ಅದಕ್ಕೇ ಫ್ಯಾನು. ರಾತ್ರಿಯ ತಣ್ಣನೆ ಗಾಳಿಯನ್ನು ಸೈಲೋದ ತಳದಿಂದ ಊದಿ ಕಾಳಿನ ರಾಶಿಯನ್ನು ನಿಧಾನಕ್ಕೆ ತಣ್ಣಗಾಗಿಸುವುದು.

ಪರದೆಯ ಚುಕ್ಕಿಗಳಲ್ಲಿ ಹೆಚ್ಚಿನವು ಕಾಳಿನೊಳಗೆ ಇಳಿಬಿಟ್ಟ ಕೇಬಲ್‌ಗಳ ಉಷ್ಣಾಂಶ. ಮೇಲೆ ಒಂದು ಬೇರೆ ಚುಕ್ಕಿ ಇತ್ತು. "ಅದು ಕಾರ್ಬನ್ ಡೈ ಆಕ್ಸೈಡು. ಬೂಷ್ಟು ಕಣ್ಣಿಗೆ ಕಾಣೋ ಮುಂಚೆ ಅಲ್ಲಿ ಅಂಕಿ ಏರುತ್ತೆ. ಮೊದಲು ಮೂಗಲ್ಲೇ ಹಿಡೀತಿದ್ದೆ, ಮುಗ್ಗು ವಾಸನೆ." ನಮ್ಮ ಕಂಪನಿಯಲ್ಲಿ ಕಾರ್ಬನ್ ಲೆಕ್ಕಕ್ಕೆ ಒಂದು ಇಡೀ ವಿಭಾಗ ಬರುವ ಎಷ್ಟೋ ವರ್ಷ ಮೊದಲೇ ಒಬ್ಬರು ಮೂಗಿನಲ್ಲಿ ಅದನ್ನು ಅಳೆಯುತ್ತಿದ್ದರು.

ಇಷ್ಟಾದಾಗ ನನ್ನ ಕಥೆ ಸಿದ್ಧ ಅಂದುಕೊಂಡೆ. ಶೀರ್ಷಿಕೆ ಕೂಡ ಹೊಳೆದಿತ್ತು. ಸುಮ್ನೆ ಏಳಬೇಕಿತ್ತು. ಆದರೆ ಮಾತು ಮುಂದುವರಿಸಲು ಅಂತ, "ಈ ಘಟಕಕ್ಕೆ ವಿದ್ಯುತ್ ಉಳಿತಾಯದ ಪ್ರಶಸ್ತಿ ಬಂದಿತ್ತಲ್ವಾ ಸರ್, 2021ರದ್ದು? ಆ ಕಥೆ ನಾನೇ ಬರೆದಿದ್ದೆ" ಅಂದೆ.

ಅವರು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. "ನೀವೇನಾ ಬರೆದಿದ್ದು" ಅಂದರು.

ಆ ವರ್ಷ ಎಲ್ಲ ಘಟಕಕ್ಕೂ ವಿದ್ಯುತ್ ಬಳಕೆ ನೂರಕ್ಕೆ ಹದಿನೈದು ಇಳಿಸುವ ಗುರಿ ಬಂತು. ಸಂಗ್ರಹ ಘಟಕದಲ್ಲಿ ವಿದ್ಯುತ್ ನುಂಗುವುದು ಯಾವುದು? ಫ್ಯಾನು. ಆಗಿನ ಮೇಲಧಿಕಾರಿ ಫ್ಯಾನ್ ಓಡಿಸುವ ಗಂಟೆ ಕತ್ತರಿಸಿದರು. ಇವರು ಬೇಡ ಅಂದರು. ಮೀಟರ್ ಬಳಿ ಹೋಗಿ ನೋಡಿ, ಎಷ್ಟು ಚೆನ್ನಾಗಿ ಇಳಿದಿದೆ ಅನ್ನುವ ಉತ್ತರ ಬಂತು. ಗುರಿ ಮುಟ್ಟಿತು. ಫಲಕ ಬಂತು. 2022ರ ಜನವರಿಯಲ್ಲಿ ನಾನು ಬಂದೆ, ಫೋಟೊ ತೆಗೆಸಿದೆ, "ಸ್ವಿಚ್ ಆರಿಸಿದ ಕೈಗಳು" ಅಂತ ಶೀರ್ಷಿಕೆ ಕೊಟ್ಟೆ. ಆ ಶೀರ್ಷಿಕೆಯ ಬಗ್ಗೆ ಆಗ ನನಗೆ ಜಂಬ ಇತ್ತು.

ಫ್ಯಾನ್ ಓಡದ ಆ ಚಳಿಯ ತಿಂಗಳುಗಳಲ್ಲಿ ಸೈಲೋದೊಳಗೆ ಏನಾಯಿತು ಅಂತ ಅವರು ಪೆನ್ನು ತೆಗೆದುಕೊಂಡು ಬರೆದು ತೋರಿಸಿದರು. ಗೋಡೆ ಪಕ್ಕದ ಕಾಳು ತಣ್ಣಗಾಗುತ್ತದೆ, ನಡುವಿನದು ಬೆಚ್ಚಗೇ ಇರುತ್ತದೆ. ಗೋಡೆಯ ಕಡೆ ತಣ್ಣನೆ ಗಾಳಿ ಇಳಿಯುತ್ತದೆ. ನಡುವೆ ಬೆಚ್ಚನೆ ಗಾಳಿ ತೇವ ಹೊತ್ತು ಮೇಲೇರುತ್ತದೆ. ಮೇಲಿನ ತಣ್ಣನೆ ಪದರಕ್ಕೆ ತಾಗಿ ಬೆವರುತ್ತದೆ. ಅಲ್ಲಿ ಕಾಳು ಮುಗ್ಗಿ, ಅಂಟಿಕೊಂಡು, ಗಟ್ಟಿ ಹಕ್ಕಳೆ ಕಟ್ಟುತ್ತದೆ.

ಮಾರ್ಚ್‌ನಲ್ಲಿ ನಾಲ್ಕನೇ ಸೈಲೋ ಖಾಲಿ ಮಾಡಲು ತಳದ ಬಾಯಿ ತೆಗೆದರು. ಸ್ವಲ್ಪ ಹೊತ್ತು ಹರಿದ ಕಾಳು ನಿಂತುಹೋಯಿತು. ಮೇಲಿಂದ ಕುಸಿದು ಬಂದ, ಗಂಟು ಕಟ್ಟಿದ ಕಾಳು ಬಾಯಿಗೆ ಅಡ್ಡ ಕೂತಿತ್ತು. ಲಾರಿಗಳು ಕಾಯುತ್ತಿದ್ದವು. ಹೊಸದಾಗಿ ಸೇರಿದ್ದ ಹುಡುಗನೊಬ್ಬ ಉದ್ದನೆ ಸರಳು ಹಿಡಿದು ಮೇಲಿನಿಂದ ಒಳಗೆ ಇಳಿದ. ಸುರಕ್ಷತೆಯ ಬೆಲ್ಟು ಕಟ್ಟಿರಲಿಲ್ಲ. ಕೆಳಗೆ ಕಾಳು ಸಾಗಿಸುವ ಕನ್ವೇಯರ್ ಓಡುತ್ತಲೇ ಇತ್ತು. ಒಳಗಿಳಿಯುವವನು ಮೊದಲು ಸ್ವಿಚ್ಚಿಗೆ ತನ್ನ ಬೀಗ ಹಾಕಿ, ಕೀಲಿ ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು ಅನ್ನುವುದು ನಿಯಮ. ಹಾಕಿರಲಿಲ್ಲ.

ಚುಚ್ಚಿದ. ಗಂಟು ಒಡೆಯಿತು. ಕಾಳು ಹರಿಯಿತು.

ಹರಿಯುವ ಕಾಳು ಮನುಷ್ಯನನ್ನು ನೀರಿನಷ್ಟು ಕೂಡ ತೇಲಿಸುವುದಿಲ್ಲ. ನಾಲ್ಕೈದು ಸೆಕೆಂಡಿನಲ್ಲಿ ತಾನಾಗಿ ಹೊರಬರಲಾಗದಷ್ಟು ಎಳೆದುಕೊಳ್ಳುತ್ತದೆ. ಇಪ್ಪತ್ತು ಸೆಕೆಂಡಿನಲ್ಲಿ ತಲೆ ಮೇಲೆ ಮುಚ್ಚಿಬಿಡಬಲ್ಲದು. ಕೂಗು ಕೇಳಿದ ಯಾರೋ ಕೆಳಗೆ ಕೆಂಪು ಬಟನ್ ಒತ್ತಿದರು. ಅಷ್ಟರಲ್ಲಿ ಎದೆಮಟ್ಟ ಹೂತಿದ್ದ.

"ಹಗ್ಗ ಹಾಕಿ ಎಳೀಬೇಕಿತ್ತಲ್ವಾ?" ಅಂದೆ.

"ಎಳೆದರೆ ಬೆನ್ನು ಹೋಗುತ್ತೆ ಮೇಡಂ. ಕಾಳು ಬಿಡಲ್ಲ." ಸುತ್ತಲೂ ತಗಡಿನ ಹಲಗೆಗಳನ್ನು ಒಂದೊಂದಾಗಿ ಕಾಳಿನೊಳಗೆ ಇಳಿಸಿ, ಅವನ ಸುತ್ತ ಬಾವಿಯಂತೆ ಮಾಡಿ, ಒಳಗಿನ ಕಾಳನ್ನು ಬಕೆಟ್‌ನಲ್ಲಿ ತೋಡಿ ತೆಗೆದರು. ಹೊರಗೆ ಸೈಲೋದ ಗೋಡೆ ಕೊಯ್ದು ಕಾಳು ಇಳಿಸಿದರು. ಮೂರು ಗಂಟೆ. ಅಷ್ಟು ಹೊತ್ತೂ ಇವರು ಪಕ್ಕದಲ್ಲಿ ಹಲಗೆಯ ಮೇಲೆ ಮಂಡಿಯೂರಿ ಅವನ ಜೊತೆ ಮಾತಾಡುತ್ತಿದ್ದರಂತೆ. ಏನು ಮಾತಾಡಿದಿರಿ ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಹುಡುಗ ಬದುಕಿದ. ಎರಡು ತಿಂಗಳು ರಜೆ. ಈಗ ವೇ ಬ್ರಿಡ್ಜಿನಲ್ಲಿ ಲಾರಿ ತೂಕ ಬರೆಯುತ್ತಾನೆ. ಸೈಲೋ ಏಣಿ ಹತ್ತುವುದಿಲ್ಲ.

ಇದಾದ ಮೇಲೆ, ಎಷ್ಟೋ ವರ್ಷದಿಂದ ಇವರು ಕೇಳುತ್ತಿದ್ದ ವೇಗ ನಿಯಂತ್ರಕ ಫ್ಯಾನುಗಳಿಗೆ ಬಂತು. ಫ್ಯಾನನ್ನು ನೂರಕ್ಕೆ ಎಂಬತ್ತರ ವೇಗದಲ್ಲಿ ಓಡಿಸಿದರೆ ವಿದ್ಯುತ್ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಕಾಳು ತಣ್ಣಗಾಗಲು ಕಾಲು ಪಾಲು ಹೆಚ್ಚು ಹೊತ್ತು ಬೇಕು, ಆದರೂ ಒಟ್ಟು ಲೆಕ್ಕದಲ್ಲಿ ಮೂರರಲ್ಲಿ ಒಂದು ಪಾಲು ಉಳಿತಾಯ. ಹದಿನೈದರ ಗುರಿಯನ್ನು ಹೀಗೂ ದಾಟಬಹುದಿತ್ತು. ಒಂದು ರಾತ್ರಿಯೂ ಫ್ಯಾನ್ ನಿಲ್ಲಿಸದೆ.

ಮಧ್ಯಾಹ್ನ ಆಫೀಸಿಗೆ ಬಂದು ಹಳೇ ವರದಿಗಳನ್ನು ತೆಗೆದೆ. ಉಳಿಸಿದ ವಿದ್ಯುತ್ತು 31ನೇ ಪುಟದಲ್ಲಿ, ನನ್ನ ಕಥೆಯ ಪಕ್ಕ. ಹುಡುಗ ಮರುವರ್ಷದ ವರದಿಯ ಸುರಕ್ಷತೆ ಅಧ್ಯಾಯದಲ್ಲಿ, ಕೋಷ್ಟಕದೊಳಗೆ "1" ಅನ್ನುವ ಅಂಕಿಯಾಗಿ. ಆ ಅಧ್ಯಾಯ ಬೇರೆ ತಂಡದ್ದು, ನಾನು ಓದಿಯೂ ಇರಲಿಲ್ಲ. ಕೆಟ್ಟ ಕಾಳು ಯಾವ ಪುಟದಲ್ಲೂ ಇಲ್ಲ. ಹಣಕಾಸಿನವರನ್ನು ಕೇಳಿದರೆ ಅದು "ಶ್ರಿಂಕೇಜ್"ನಲ್ಲಿ, ಅಂದರೆ ದಾಸ್ತಾನಿನಲ್ಲಿ ಕಮ್ಮಿಯಾದದ್ದರ ಲೆಕ್ಕದಲ್ಲಿ, ಸೇರಿರುತ್ತದೆ ಅಂದರು. ಒಂದೇ ಸೈಲೋದಲ್ಲಿ, ಒಂದೇ ಕಾರಣಕ್ಕೆ ಆದದ್ದು ಮೂರು ಇಲಾಖೆಯ ಮೂರು ಕಡತದಲ್ಲಿ ಹಂಚಿಹೋಗಿದೆ. ಯಾರೂ ಮುಚ್ಚಿಡಲಿಲ್ಲ, ಅದು ಬೇರೆ ಮಾತು. ಮುಚ್ಚಿಡುವ ಕಷ್ಟವನ್ನೇ ನಮ್ಮ ಪರಿವಿಡಿ ತಪ್ಪಿಸಿದೆ.

ಆ ವರದಿ ಅಚ್ಚಾಗಿ ಎಲ್ಲರ ಮೇಜಿಗೆ ಬಂದದ್ದು 2022ರ ಏಪ್ರಿಲ್‌ನಲ್ಲಿ. ಹುಡುಗ ಆಗ ಆಸ್ಪತ್ರೆಯಲ್ಲಿದ್ದ.

ಸಂಜೆ ಮೇಲಿನವರಿಗೆ ಕರಡು ಕಳಿಸಿದೆ. ಎರಡನೇ ಪ್ಯಾರಾದಲ್ಲಿ ಎರಡು ವಾಕ್ಯ ಅಕ್ಕಪಕ್ಕ ಇಟ್ಟಿದ್ದೆ. "2021ರಲ್ಲಿ ಈ ಘಟಕ ಫ್ಯಾನ್ ನಿಲ್ಲಿಸಿ ವಿದ್ಯುತ್ ಉಳಿಸಿತು. ಅದರಿಂದ ಕೆಟ್ಟ ಕಾಳನ್ನು ಬಿಡಿಸಲು ಒಳಗಿಳಿದ ನೌಕರರೊಬ್ಬರು ಎದೆಮಟ್ಟ ಹೂತುಹೋದರು." ಇಪ್ಪತ್ತು ನಿಮಿಷಕ್ಕೆ ಉತ್ತರ ಬಂತು. "ಚೆನ್ನಾಗಿದೆ. ಮೊದಲ ವಾಕ್ಯ ಇರಲಿ. ಎರಡನೆಯದು ಸುರಕ್ಷತೆ ಅಧ್ಯಾಯಕ್ಕೆ ಹೋಗಲಿ, ಅಲ್ವಾ?"

ಬೇಡ ಅಂತ ಬರೆದೆ. ಎರಡೂ ಒಟ್ಟಿಗೆ ಇರಲಿ, ಇಲ್ಲವಾದರೆ ಎರಡೂ ಬೇಡ, ಈ ವರ್ಷ ಎರಡೇ ಕಥೆ ಹಾಕೋಣ ಅಂತಲೂ ಸೇರಿಸಿದೆ. ಉತ್ತರ ಇನ್ನೂ ಬಂದಿಲ್ಲ.

ಕಳಿಸಿದ ಮೇಲೆ ನೆನಪಾಯಿತು. ಆ ಹುಡುಗನನ್ನೇ ಕೇಳಿರಲಿಲ್ಲ. ಇದು ಕೂಡ ನಮ್ಮ ಕಸುಬಿನ ಚಾಳಿ. ವೇ ಬ್ರಿಡ್ಜಿಗೆ ಫೋನ್ ಮಾಡಿದೆ. ನಾನು ಯಾರು ಅಂತ ಹೇಳಿದೆ. ಏನು ಬರೆದಿದ್ದೇನೆ ಅಂತ ಓದಿ ಹೇಳಿದೆ. ಹಿಂದೆ ಲಾರಿಯ ಹಾರ್ನ್ ಕೇಳುತ್ತಿತ್ತು.

"ಬರೀರಿ ಮೇಡಂ, ಪರವಾಗಿಲ್ಲ. ಫೋಟೊ ಹಾಕ್ತೀರಾ?"

"ನೀವು ಬೇಡ ಅಂದ್ರೆ ಹಾಕಲ್ಲ."

"ಹೊಸದು ತೆಗೀರಿ. ಆ ಹಳೇದು ಬೇಡ."

ಯಾವ ಹಳೇದು ಅಂತ ನನಗೆ ತಕ್ಷಣ ಗೊತ್ತಾಗಲಿಲ್ಲ. ಫೋನ್ ಇಟ್ಟ ಮೇಲೆ 31ನೇ ಪುಟ ಮತ್ತೆ ತೆಗೆದೆ. ಸಾಲಾಗಿ ಆರು ಜನ ನಿಂತಿದ್ದಾರೆ. ಮುಂದೆ ಫಲಕ ಹಿಡಿದಿರುವವನು ಎಲ್ಲರಿಗಿಂತ ಚಿಕ್ಕವನು. ಹೊಸಬನ ಕೈಗೆ ಕೊಡಿ, ಫೋಟೊ ಚೆನ್ನಾಗಿ ಬರುತ್ತದೆ ಅಂತ ಅವತ್ತು ಹೇಳಿದವಳು ನಾನೇ.